ನೀಲಿ ಜೆರ್ಸಿಯ ನಡುವಿನ ಹೊಲಿಗೆ

ಇದು ನಡೆದದ್ದು ಹೋದ ವರ್ಷ, ದಸರಾ ರಜೆ ಮುಗಿದು ಶಾಲೆ ಮತ್ತೆ ಶುರುವಾದ ಮೇಲೆ ಬಂದ ಮೊದಲ ಭಾನುವಾರ. ಶೆಟ್ಟಿಹಳ್ಳಿಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ, ಹೆಂಗಸರ ಬಟ್ಟೆ ಮಾತ್ರ ಹೊಲಿಯುತ್ತೇನೆ. ನನ್ನ ಬಾಯಿ ಜೋರು ಅಂತ ನಮ್ಮ ಬೀದಿಗೆಲ್ಲ ಗೊತ್ತು. ಸುಳ್ಳು ಹೇಳುವವಳಲ್ಲ ಅಂತಲೂ ಗೊತ್ತು. ಆಸೆಪಟ್ಟು ಬ್ಲೌಸ್ ಪೀಸ್ ತಂದವರಿಗೆ, "ಈ ಬಣ್ಣ ನಿಮಗೆ ಒಪ್ಪಲ್ಲ ಕಣ್ರೀ, ವಾಪಸ್ ಕೊಟ್ಟು ಬೇರೆ ತನ್ನಿ" ಅಂತ ಮುಖದ ಮೇಲೇ ಹೇಳಿ ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ. ಒಳ್ಳೆಯದಕ್ಕೂ ಸುಳ್ಳು ನನ್ನ ಬಾಯಲ್ಲಿ ಬರುತ್ತಿರಲಿಲ್ಲ.

ನನಗೆ ಒಬ್ಬನೇ ಮಗ, ಚಂದನ್. ಮನೆಯಲ್ಲಿ ಎಲ್ಲರಿಗೂ ಚಂದು. ಆಗ ಹತ್ತನೇ ಕ್ಲಾಸಿನಲ್ಲಿದ್ದ. ಬೀದಿಯ ಹುಡುಗರೆಲ್ಲ ಕ್ರಿಕೆಟ್ ಕ್ರಿಕೆಟ್ ಅಂತ ಸಾಯುತ್ತಿದ್ದರೆ ಇವನಿಗೆ ರಗ್ಬಿಯ ಹುಚ್ಚು ಹಿಡಿದಿತ್ತು. ಮೊಟ್ಟೆಯ ಆಕಾರದ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡಬೇಕು, ಎದುರಿನವರು ಸೊಂಟ ಹಿಡಿದು ಕೆಡವುತ್ತಾರೆ, ಜೊತೆಯವನಿಗೆ ಕೊಡಬೇಕೆಂದರೆ ಹಿಂದಕ್ಕೇ ಕೊಡಬೇಕು. ನನಗೆ ಅರ್ಥವಾದದ್ದು ಇಷ್ಟೇ. ಅವನು ಮೊಣಕೈ ತರಚಿಕೊಂಡು ಬಂದಾಗಲೆಲ್ಲ ನಮ್ಮ ಅತ್ತೆ ಶುರು ಮಾಡುತ್ತಿದ್ದರು. "ಇದ್ಯಾವ ಸೀಮೆ ಆಟ್ವೋ ಕಾಣೆ ಕಣವ್ವ. ಇಂಗೆ ದನ ಗುಮ್ಮಾಡ್ದಂಗೆ ಗುಮ್ಮಾಡ್ಕೊಂಡ್ ಬರಾದಾ?" ಅನ್ನುವರು. ಚಂದು ಅವರ ಕೆನ್ನೆ ಹಿಂಡಿ, "ಅಜ್ಜಿ, ಸ್ಟೇಟ್ ಟೀಮಲ್ಲಿ ಆಡ್ದಾಗ ನಿನ್ನ ಮೊದಲನೇ ಸಾಲಲ್ಲಿ ಕೂರಿಸ್ತೀನಿ ತಾಳು" ಅನ್ನುತ್ತಿದ್ದ.

ಅದರ ಹಿಂದಿನ ವರ್ಷವೂ ಅವನು ರಾಜ್ಯ ತಂಡದ ಟ್ರಯಲ್ಸ್‌ಗೆ ಹೋಗಿದ್ದ. ಕೊನೆಯಲ್ಲಿ ಕೈಬಿಟ್ಟರು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಮ್ಮ ಯಜಮಾನರು ಬಿಲ್ಡಿಂಗ್ ಕಂಟ್ರಾಕ್ಟರು, ಮಾತು ಕಮ್ಮಿ, ಆಡಿದರೆ ಕಲ್ಲು ಇಟ್ಟ ಹಾಗೆ. ಈ ಸಲ ಟ್ರಯಲ್ಸ್‌ಗೆ ಹೊರಡುವ ಹಿಂದಿನ ದಿನ ಮಗನನ್ನು ಕರೆದು ಹೇಳಿದರು. "ಸೆಲೆಕ್ಟ್ ಆದ್ರೆ ಆಡು, ನಾನೇನೂ ಅನ್ನಲ್ಲ. ಆಗ್ಲಿಲ್ಲ ಅಂದ್ರೆ ಚೆಂಡು ಅಟ್ಟಕ್ಕೆ ಹಾಕಿ ಪುಸ್ತಕ ಹಿಡಿ. ಮತ್ತೆ ಈ ವಿಷಯ ನನ್ನ ಹತ್ರ ತರ್ಬೇಡ." ಚಂದು ತಲೆ ಆಡಿಸಿದ. ಪಬ್ಲಿಕ್ ಪರೀಕ್ಷೆಯ ವರ್ಷ, ಅವರು ಹೇಳಿದ್ದರಲ್ಲಿ ನನಗೂ ತಪ್ಪು ಕಾಣಲಿಲ್ಲ.

ಭಾನುವಾರ ಅಂಗಡಿಗೆ ರಜೆ. ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು ನಾನೇ ಅವನ ಜೊತೆ ಹೊರಟೆ. ಯಲಹಂಕ ದಾಟಿ ಒಳಗೆ ಹೋದರೆ ಒಂದು ಮೈದಾನ. ಹುಲ್ಲು ಅಂತ ಹೆಸರಿಗೆ ಅಂಚಿನಲ್ಲಿ ಒಂದಿಷ್ಟು, ನಡುವೆಲ್ಲ ಗಟ್ಟಿ ಕೆಂಪು ಮಣ್ಣು. ಬೇರೆ ಬೇರೆ ಶಾಲೆಗಳ ಹುಡುಗರು ಬಂದಿದ್ದರು. ಚಂದುವಿನ ಗೆಳೆಯ ಇಮ್ರಾನ್ ಆರ್.ಟಿ. ನಗರದಿಂದ ಬಸ್ಸಿನಲ್ಲಿ ಬಂದಿದ್ದ. ಇಬ್ಬರೂ ಒಂದೇ ಶಾಲೆ, ಒಂದೇ ಕೋಚ್, ಮೂರು ಹೊತ್ತೂ ಜೊತೆ.

ಅಲ್ಲಿ ಆಯ್ಕೆ ಹೇಗೆ ನಡೆಯುತ್ತದೆ ಅಂತ ಇಮ್ರಾನೇ ನನಗೆ ಬಿಡಿಸಿ ಹೇಳಿದ. "ಎಲ್ಲರ್ಗೂ ಮೊದ್ಲು ಹಳದಿ ಜೆರ್ಸಿ ಆಂಟಿ. ಆಡ್ತಾ ಆಡ್ತಾ ಯಾರು ಚೆನ್ನಾಗ್ ಕಾಣ್ತಾರೋ ಅವರನ್ನ ಕರ್ದು ನೀಲಿ ಕೊಡ್ತಾರೆ. ನೀಲಿ ಸಿಕ್ತು ಅಂದ್ರೆ ಆಲ್ಮೋಸ್ಟ್ ಸೆಲೆಕ್ಟ್ ಆದಂಗೇನೇ." ಬೆಳಿಗ್ಗೆಯಿಂದ ಹಾಗೇ ನಡೆಯಿತು. ಸೀಟಿ ಊದುವುದು, ಒಬ್ಬನನ್ನು ಕರೆಯುವುದು, ಅವನು ಹಳದಿ ಬಿಚ್ಚಿ ನೀಲಿ ತೊಟ್ಟು ಆಚೆ ಕಡೆ ನಿಂತು ಆಡುವುದು. ತಮಾಷೆ ಏನೆಂದರೆ, ಹೀಗೆ ಪಾಳಯ ಬದಲಾದ ಹುಡುಗರು ಮೊದಲು ಚೆಂಡು ಸಿಕ್ಕಿದಾಗ ಅಭ್ಯಾಸಬಲದಿಂದ ಹಳೇ ಜೊತೆಗಾರನಿಗೇ ಕೊಟ್ಟುಬಿಡುತ್ತಿದ್ದರು. ಆಗ ಮೈದಾನವೆಲ್ಲ ಗೊಳ್ಳೆಂದು ನಗುತ್ತಿತ್ತು. "ತವರುಮನೆ ಮರ್ತಿಲ್ಲ ಗುರು ಇವ್ನು!" ಅಂತ ಯಾರಾದರೂ ಕೂಗುವರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಅಲ್ಲಿ ಒಂದು ಜಗಳವನ್ನೂ ಮಾಡಿದೆ. ಅಷ್ಟು ಹುಡುಗರು ಬಿದ್ದು ಏಳುವ ಕಡೆ ಒಬ್ಬ ಡಾಕ್ಟರಿಲ್ಲ, ಆಂಬುಲೆನ್ಸ್ ಇಲ್ಲ. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತಿ, ಸ್ಪ್ರೇ, ಬ್ಯಾಂಡೇಜು, ಅಷ್ಟೇ. ಕುಡಿಯುವ ನೀರಿನ ಕ್ಯಾನು ಬಿಸಿಲಿಗೆ ಕಾದು ಕೂತಿತ್ತು. ಟೋಪಿ ಹಾಕಿಕೊಂಡು ಎಲ್ಲ ನೋಡಿಕೊಳ್ಳುತ್ತಿದ್ದವರ ಹತ್ತಿರ ಹೋಗಿ, "ಏನ್ ಸರ್ ಇದು, ಮಕ್ಕಳಿಗೆ ಏನಾದ್ರೂ ಆದ್ರೆ ಯಾರು ಗತಿ?" ಅಂತ ದಬಾಯಿಸಿದೆ. ಅವರು ನಗುತ್ತಲೇ, "ಏನೂ ಆಗಲ್ಲ ಮೇಡಂ, ಗಂಡುಮಕ್ಕಳು, ನೀವು ನೆರಳಲ್ಲಿ ಕೂತ್ಕೊಳ್ಳಿ" ಅಂದರು. ನಾನು ಬಿಡಲಿಲ್ಲ, ಧ್ವನಿ ಏರಿಸಿದೆ. ಅಷ್ಟು ಹೊತ್ತಿಗೆ ಮೈದಾನದಲ್ಲಿದ್ದವರಿಗೆಲ್ಲ ನಾನು ಯಾರು ಅಂತ ತಿಳಿದುಹೋಗಿತ್ತು. ಚಂದು ದೂರದಿಂದಲೇ ಕೈ ಮುಗಿದು, "ಅಮ್ಮಾ, ಪ್ಲೀಸ್ ಅಮ್ಮಾ" ಅಂದ.

ತನ್ನ ಮೊದಲ ಪಂದ್ಯದಲ್ಲಿ ಚಂದು ಚೆನ್ನಾಗಿಯೇ ಓಡಿದ. ನಡುವೆ ಒಮ್ಮೆ ನಾಲ್ಕೈದು ಹುಡುಗರು ಒಬ್ಬರ ಮೇಲೊಬ್ಬರು ಬಿದ್ದರು. ಧೂಳು ಇಳಿದಾಗ ಎಲ್ಲರೂ ಎದ್ದಿದ್ದರು, ಚಂದು ಕೊನೆಗೆ ಎದ್ದ. ನಾನು ಕೂತಿದ್ದ ಜಾಗದಿಂದ ಕಂಡದ್ದು ಅಷ್ಟೇ. ಅಡಿಯಲ್ಲಿ ಏನಾಯಿತು ಅಂತ ಇಮ್ರಾನ್ ಆಮೇಲೆ ಆಸ್ಪತ್ರೆಯಲ್ಲಿ ಹೇಳಿದ. ಯಾರದೋ ಮೊಣಕಾಲು ಚಂದುವಿನ ಕಿವಿಯ ಮೇಲೆ ಬಡಿದಿತ್ತು. ಕಣ್ಣು ಒಂದು ಕ್ಷಣ ಮೇಲಕ್ಕೆ ಹೋಗಿತ್ತು. ಇಮ್ರಾನ್ ರೆಫ್ರಿಯನ್ನು ಕರೆಯಲು ಬಾಯಿ ತೆರೆದಾಗ ಇವನು ಅವನ ಕಾಲರ್ ಹಿಡಿದು, "ಮಗಾ, ಹೇಳ್ಬೇಡ. ತಲೆ ಅಂದ್ರೆ ಸಾಕು, ಆಚೆ ಕೂರಿಸಿಬಿಡ್ತಾರೆ. ನನ್ನಪ್ಪ ಮತ್ತೆ ಕಳ್ಸಲ್ಲ ಕಣೋ" ಅಂದನಂತೆ. ಕಾಲು ನೋವು, ಕೈ ನೋವು ಅಂದರೆ ಸ್ಪ್ರೇ ಹೊಡೆದು ಆಡಿಸುತ್ತಾರೆ, ತಲೆ ಅಂದರೆ ಆ ದಿನದ ಆಟ ಮುಗಿದ ಹಾಗೆ. ಅದು ಒಳ್ಳೆಯ ನಿಯಮವೇ. ಆದರೆ ಅದಕ್ಕೇ ಹುಡುಗರು ತಲೆಯ ಮಾತು ಎತ್ತುವುದಿಲ್ಲ. ಒಬ್ಬರದನ್ನು ಒಬ್ಬರು ಮುಚ್ಚಿಡುವುದೇ ಅವರಲ್ಲಿ ಸ್ನೇಹ.

ಪಂದ್ಯ ಮುಗಿಸಿ ಬಂದು ನನ್ನ ಪಕ್ಕ ಕೂತ. ಡಬ್ಬಿ ತೆಗೆದೆ, ಬೇಡ ಅಂದ. "ಹೊಟ್ಟೆ ತೊಳಸ್ತಿದೆ ಅಮ್ಮ. ಬಿಸ್ಲು." ಅಷ್ಟರಲ್ಲಿ ಸೀಟಿ. ಟೋಪಿಯವರು ಇವನ ಕಡೆ ಕೈ ಮಾಡಿ, "ಲೋ, ನೀನೇ, ಬಾ! ನೀಲಿ ಹಾಕ್ಕೋ!" ಅಂತ ಕೂಗಿದರು. ನಾನು ಡಬ್ಬಿ ಕೆಳಗಿಟ್ಟು ಎದ್ದು ನಿಂತೆ. ಇಮ್ರಾನ್ ಅವನ ಬೆನ್ನಿಗೆ ಗುದ್ದಿ, "ಹೊಡ್ದೆ ಮಚ್ಚಾ!" ಅಂದ. ನೀಲಿ ಜೆರ್ಸಿ ತೊಡುವಾಗ ಚಂದು ತೋಳಿಗೆ ತಲೆ ತೂರಿಸಿ ತಡವರಿಸಿದ. ನಾನೇ ಎಳೆದು ಸರಿಮಾಡಿದೆ. ಖುಷಿಗೆ ಹೀಗಾಡುತ್ತಿದ್ದಾನೆ ಅಂದುಕೊಂಡೆ.

ಆಟ ಶುರುವಾಯಿತು. ಚೆಂಡು ಇವನ ಕೈಗೆ ಬಂತು. ಹಳದಿ ತೊಟ್ಟಿದ್ದ ಇಮ್ರಾನ್ ಕೈಗೆ ಕೊಟ್ಟ. ಮೈದಾನ ಗೊಳ್ಳೆಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಮತ್ತೆ ಇಮ್ರಾನ್‌ಗೇ ಕೊಟ್ಟ. ನಗು ಇನ್ನೂ ಜೋರಾಯಿತು. "ತವರುಮನೆ ಕಣ್ರೋ, ತವರುಮನೆ!" ಅಂದರು. ಆಮೇಲೆ ನೋಡಿದರೆ ಇವನು ಹಳದಿಯವರ ಸಾಲಿನಲ್ಲೇ ಹೋಗಿ ನಿಂತಿದ್ದಾನೆ. ನನಗೆ ನಗು ಬರಲಿಲ್ಲ. ಗೆರೆಯ ಹತ್ತಿರ ಹೋಗಿ, "ಲೋ ಚಂದೂ, ನೀನ್ ನೀಲಿ ಕಣೋ!" ಅಂತ ಕೂಗಿದೆ. ಅವನು ತಿರುಗಿದ. ನನ್ನನ್ನು ನೋಡಿದ. ಯಾರೋ ಹೆಂಗಸು ಕೂಗುತ್ತಿದ್ದಾಳೆ ಅನ್ನುವ ಹಾಗೆ ನೋಡಿದ. ಆಮೇಲೆ ಎದೆಯ ಮೇಲಿನ ಬಟ್ಟೆಯನ್ನು ಬೆರಳಲ್ಲಿ ಎಳೆದು ಹಿಡಿದು ಅದನ್ನೇ ನೋಡುತ್ತಾ ನಿಂತ. ಅದು ಯಾವಾಗ ತನ್ನ ಮೈಮೇಲೆ ಬಂತು ಅಂತ ಅವನಿಗೆ ಗೊತ್ತಿರಲಿಲ್ಲ.

ನಾನು ಚಪ್ಪಲಿ ಬಿಟ್ಟು ಒಳಗೆ ಓಡಿದೆ. ರೆಫ್ರಿ ಸೀಟಿ ಊದಿದರು. ಟೋಪಿಯವರು ಅಡ್ಡ ಬಂದರು. "ಏನ್ ಮೇಡಂ, ಬೆಳಿಗ್ಗೆಯಿಂದ ನಿಮ್ದೇ ಆಯ್ತಲ್ಲ!" ಅಂದರು.

"ಅವ್ನಿಗೆ ಏನೋ ಆಗಿದೆ ಸರ್. ನನ್ನ ಗುರುತು ಸಿಗ್ತಿಲ್ಲ ಅವ್ನಿಗೆ. ಆಚೆ ಕಳ್ಸಿ!"

"ಸೈಡ್ ಚೇಂಜ್ ಆದಾಗ ಎಲ್ರೂ ಹಂಗೇ ಮೇಡಂ. ನೀವೂ ನಗ್ತಿರ್ಲಿಲ್ವಾ?" ಅಂದು ಅವನ ಕಡೆ ತಿರುಗಿ, "ಏನೋ, ಓಕೆನಾ?" ಅಂದರು. ಚಂದು ಹೆಬ್ಬೆರಳು ಎತ್ತಿ, "ಓಕೆ ಸರ್" ಅಂದ. "ನೋಡಿ, ಅವ್ನೇ ಓಕೆ ಅಂತಿದಾನೆ. ನಿಮ್ಮ ಮಗನ ಚಾನ್ಸ್ ನೀವೇ ಹಾಳ್ ಮಾಡ್ತಿದೀರ" ಅಂತ ಹೇಳಿ ನನ್ನನ್ನು ಗೆರೆಯಿಂದಾಚೆ ಕಳಿಸಿಯೇಬಿಟ್ಟರು. ಅವರ ಕಡೆಯ ಇಬ್ಬರು ನನ್ನನ್ನು ತಡೆಯಲು ಅಕ್ಕಪಕ್ಕ ನಿಂತರು. ಬೆಳಿಗ್ಗೆ ನೀರಿಗಾಗಿ, ಡಾಕ್ಟರಿಗಾಗಿ ಕೂಗಿದ್ದೆನಲ್ಲ, ಈಗ ನನ್ನ ಮಾತಿಗೆ ಕಾಸಿನ ಕಿಮ್ಮತ್ತೂ ಇರಲಿಲ್ಲ. ಆ ಅವಮಾನ, ಆ ಸಿಟ್ಟು ಈಗಲೂ ಹೋಗಿಲ್ಲ.

ಮತ್ತೆ ಆಟ ಶುರುವಾಯಿತು. ಒಬ್ಬ ಸಣಕಲು ಹುಡುಗ ಬಂದು ಚಂದುವಿನ ಸೊಂಟ ಹಿಡಿದು ಕೆಡವಿದ. ಜೋರಾಗೇನೂ ಅಲ್ಲ, ನಿಯಮದ ಪ್ರಕಾರವೇ. ಆ ಹುಡುಗ ಎದ್ದು ಕೈ ಚಾಚಿದ. ಚಂದು ಏಳಲಿಲ್ಲ.

ಆಂಬುಲೆನ್ಸ್‌ಗೆ ಕಾಯಲಿಲ್ಲ. ಬೇರೊಬ್ಬ ಹುಡುಗನ ತಂದೆಯ ಕಾರಿನ ಹಿಂದಿನ ಸೀಟಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲೆ, ಕಾಲು ಇಮ್ರಾನ್ ತೊಡೆಯ ಮೇಲೆ. ಭಾನುವಾರವೂ ಹೆಬ್ಬಾಳದ ಹತ್ತಿರ ಗಾಡಿಗಳು ಇಂಚಿಂಚಾಗಿ ಸರಿಯುತ್ತಿದ್ದವು. ಮುಂದಿನವರೆಲ್ಲ ಏರ್‌ಪೋರ್ಟಿನಿಂದ ಸೂಟ್‌ಕೇಸ್ ಹೇರಿಕೊಂಡು ಬರುತ್ತಿದ್ದವರು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮಗು ಸಾಯ್ತಿದೆ ಕಣ್ರೋ, ಜಾಗ ಬಿಡ್ರೋ!" ಅಂತ ಕಿರುಚಿದೆ. ಅವನ ಒಂದು ಕಣ್ಣಿನ ಪಾಪೆ ದೊಡ್ಡದಾಗಿತ್ತು, ಇನ್ನೊಂದರದು ಸಣ್ಣ.

ಆಸ್ಪತ್ರೆಯಲ್ಲಿ ಮೊದಲು ಮಾಡಿದ ಕೆಲಸ, ಕತ್ತರಿ ತಂದು ನೀಲಿ ಜೆರ್ಸಿಯನ್ನು ಕತ್ತಿನಿಂದ ಕೆಳಗಿನವರೆಗೆ ಸೀಳಿದ್ದು. ದಿನವೂ ಬಟ್ಟೆ ಕತ್ತರಿಸುವವಳು ನಾನು, ಆ ಸದ್ದು ಕೇಳಲಾರದೆ ಕಿವಿ ಮುಚ್ಚಿಕೊಂಡೆ. ತಲೆಯೊಳಗೆ ರಕ್ತಸ್ರಾವವಾಗಿದೆ, ಆಪರೇಷನ್ ಮಾಡಬೇಕು ಅಂದರು. ಯಜಮಾನರು ಸೈಟಿನಿಂದ ಸಿಮೆಂಟ್ ಮೆತ್ತಿದ ಚಪ್ಪಲಿಯಲ್ಲೇ ಓಡಿ ಬಂದರು. ಇಮ್ರಾನ್ ಗೋಡೆಗೆ ಒರಗಿ ಅಳುತ್ತಾ ನಡೆದದ್ದೆಲ್ಲ ಹೇಳಿದ್ದು ಆಗಲೇ. "ನನ್ನಪ್ಪ ಮತ್ತೆ ಕಳ್ಸಲ್ಲ" ಅಂದ ಮಾತನ್ನೂ ಬಿಡದೆ ಹೇಳಿದ. ನಮ್ಮವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಆಪರೇಷನ್ ಆದಮೇಲೂ ಚಂದು ವಾರಗಟ್ಟಲೆ ಕಣ್ಣು ಬಿಡಲಿಲ್ಲ. ಆ ಹೊತ್ತಿನಲ್ಲಿ ಒಂದು ದಿನ ಅವನ ಶಾಲೆಯ ಕೋಚ್ ಬಂದರು. ನಾನು ನೇರವಾಗಿ ಕೇಳಿದೆ. "ಸರ್, ನನ್ನ ಮಗ ಸೆಲೆಕ್ಟ್ ಆಗಿದ್ನಾ ಇಲ್ವಾ? ಇದ್ದದ್ದು ಇದ್ದ ಹಾಗೆ ಹೇಳಿ."

ಅವರು ಕುರ್ಚಿ ಎಳೆದುಕೊಂಡು ಕೂತರು. "ಅವತ್ತು ನೀಲಿ ಸೈಡಲ್ಲಿ ಒಬ್ಬನಿಗೆ ಕಾಲು ಉಳುಕಿತ್ತು ಅಮ್ಮಾ. ಒಬ್ಬ ಕಮ್ಮಿ ಬಿದ್ದ. ಚಂದು ಹತ್ರದಲ್ಲಿ ಕೂತಿದ್ದ ಅಂತ ಕರೆದ್ರು. ಅಷ್ಟೇ."

ಅವನನ್ನು ಆರಿಸಿರಲಿಲ್ಲ. ಖಾಲಿ ಜಾಗ ತುಂಬಿಸಲು ಕರೆದಿದ್ದರು. ಅದಕ್ಕಾಗಿ ನನ್ನ ಮಗು ಒಡೆದ ತಲೆ ಹೊತ್ತು ಓಡಿದ.

ಚಂದು ಉಳಿದ. ಉಳಿದ ಅಂದರೆ, ಈಗ ಗೋಡೆ ಹಿಡಿದು ನಡೆಯುತ್ತಾನೆ. ಎಡಗೈ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಎರಡು ಸಾಲು ಓದಿದರೆ ಅಕ್ಷರಗಳು ಓಡುತ್ತವೆ ಅನ್ನುತ್ತಾನೆ, ಆದ್ದರಿಂದ ನಾನು ಇಲ್ಲಿ ಬರೆದದ್ದನ್ನು ಅವನು ಓದುವುದಿಲ್ಲ. ಹಳೆಯದೆಲ್ಲ ನೆನಪಿದೆ, ಹೊಸದು ನಿಲ್ಲುವುದಿಲ್ಲ. ಬೆಳಿಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ಮರೆತಿರುತ್ತಾನೆ. ಮುಂದೆ ಸರಿಹೋಗಬಹುದು, ಹೋಗದೆಯೂ ಇರಬಹುದು ಅಂತ ಡಾಕ್ಟರು ಹೇಳುತ್ತಾರೆ. ಅತ್ತೆ ಅವನಿಗೆ ತುತ್ತು ಮಾಡಿ ತಿನ್ನಿಸುತ್ತಾರೆ, ಆಟದ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಇಮ್ರಾನ್ ಪ್ರತಿ ಭಾನುವಾರ ಬಂದು ಅಂಗಳದಲ್ಲಿ ಅವನ ಮಡಿಲಿಗೆ ಚೆಂಡು ಹಾಕುತ್ತಾನೆ, ಇವನು ಬಲಗೈಯಲ್ಲಿ ವಾಪಸ್ ಕೊಡುತ್ತಾನೆ. ಆ ಹುಡುಗನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಸಿಟ್ಟಿರುವುದು ಮಕ್ಕಳ ಹೆಬ್ಬೆರಳು ನೋಡಿ ಆಟ ಮುಂದುವರಿಸಿದ ದೊಡ್ಡವರ ಮೇಲೆ. ಇದನ್ನು ಓದುವ ಅಪ್ಪ ಅಮ್ಮಂದಿರೇ, ನಿಮ್ಮ ಮಗು ಆಟದಲ್ಲಿ ಎಡವಟ್ಟು ಮಾಡಿದಾಗ ಎಲ್ಲರೂ ನಕ್ಕರೆ, ಮೊದಲು ಅದರ ಕಣ್ಣು ನೋಡಿ. ನಿಮ್ಮನ್ನು ಜಗಳಗಂಟಿ ಅಂದರೂ ಅನ್ನಲಿ, ಗೆರೆ ದಾಟಿ ಹೋಗಿ ಎಳೆದುಕೊಂಡು ಬನ್ನಿ.

ಸೀಳಿದ ಜೆರ್ಸಿಯನ್ನು ಆಸ್ಪತ್ರೆಯವರು ಕವರಿನಲ್ಲಿ ಹಾಕಿ ಕೊಟ್ಟಿದ್ದರು. ಒಗೆದು, ನಡುವೆ ಹೊಲಿದು, ಅವನ ಮಂಚದ ಎದುರಿಗೆ ನೇತುಹಾಕಿದ್ದೇನೆ. ಹೆಚ್ಚುಕಮ್ಮಿ ದಿನವೂ ಅವನು ಅದನ್ನು ಹೊಸದಾಗಿ ನೋಡುತ್ತಾನೆ.

"ಅಮ್ಮಾ, ನೀಲಿ! ನಾನ್ ಸೆಲೆಕ್ಟ್ ಆದ್ನಾ?"

"ಹೂಂ ಕಣೋ, ಆದೆ."

ಅವನ ಮುಖ ಅರಳುತ್ತದೆ. "ಅಪ್ಪಂಗೆ ಹೇಳ್ದ್ಯಾ?" ಅನ್ನುತ್ತಾನೆ. ಬಾಗಿಲಲ್ಲಿ ನಿಂತ ಅವರಪ್ಪ ಆಚೆ ಹೋಗಿಬಿಡುತ್ತಾರೆ. ಆಮೇಲೆ ಚಂದು ಬಲಗೈಯಲ್ಲಿ ಜೆರ್ಸಿ ತೋರಿಸಿ, "ಅದ್ಯಾಕಮ್ಮ ಮಧ್ಯದಲ್ಲಿ ಹೊಲಿಗೆ?" ಅಂತ ಕೇಳುತ್ತಾನೆ.

"ಸ್ಟೇಟ್ ಟೀಮ್ ಜೆರ್ಸಿ ಹಂಗೇ ಇರತ್ತೆ ಕಂದಾ" ಅನ್ನುತ್ತೇನೆ.