ಬೋರಣ್ಣ ಇತಿಹಾಸಕ್ಕೆ ಇಳಿದದ್ದು

ಮಂಡ್ಯದಲ್ಲಿ ಮೊನ್ನೆ ನನ್ನ ಹಳೆಯ ಸ್ಕೂಟರ್ ಕೈಕೊಟ್ಟಿತು. ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಾಗ ಮೂಗಿಗೆ ಬಡಿದ ಗ್ರೀಸಿನ ವಾಸನೆ ನನ್ನನ್ನು ಎಲ್ಲಿಗೆ ಕರೆದೊಯ್ದಿತು ಗೊತ್ತೇ? ಹಲಗೂರಿಗೆ, ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಸೇರಿದ ಹೊಸತಿಗೆ. ಆಗ ನನಗೆ ಇಂಗ್ಲಿಷ್ ನುಡಿಗಟ್ಟುಗಳ ಹುಚ್ಚು. ಪಾಠ ಮುಗಿಯದಿದ್ದರೂ ಚಿಂತೆಯಿಲ್ಲ, ದಿನಕ್ಕೊಂದು ನುಡಿಗಟ್ಟು ಬೋರ್ಡಿನ ಮೇಲೆ ಬೀಳಲೇಬೇಕು.

ಒಂದು ದಿನ ‘ಗೋ ಡೌನ್ ಇನ್ ಹಿಸ್ಟರಿ’ ಎಂದು ಬರೆದು ಅರ್ಥ ಕೇಳಿದೆ. ಎಂದೂ ಬಾಯಿ ಬಿಡದ ಭಾಗ್ಯ ಎದ್ದಳು. “ಇತಿಹಾಸದಲ್ಲಿ ಕೆಳಕ್ಕೆ ಇಳಿಯೋದು ಸಾ.”

ಮಕ್ಕಳು ನಕ್ಕರು, ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. “ಇಳಿಯೋದಲ್ಲಮ್ಮ, ಹೆಸರು ಶಾಶ್ವತವಾಗಿ ಉಳಿಯೋದು!”

ಅವಳು ಕೂರಲಿಲ್ಲ. “ನಮ್ಮಪ್ಪ ಶಿವನಸಮುದ್ರದ ಕಣಿವೆ ತಳದಾಗಿರೋ ಪವರ್ ಹೌಸ್‌ಗೆ ದಿನಾ ಕೆಲ್ಸಕ್ಕೆ ಕೆಳಕ್ಕೆ ಇಳೀತರೆ. ಅವರೆಸ್ರು ಉಳಿಯಾಕಿಲ್ವಾ ಸಾ?”

ಮತ್ತೆ ನಗು. ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ.

ಭಾನುವಾರ ಬಸ್ಸು ಹತ್ತಿ ಅವಳ ಮನೆ ಹುಡುಕಿಕೊಂಡು ಹೋದೆ. ಆಗಷ್ಟೇ ಕೆಲಸದಿಂದ ಬಂದಿದ್ದ ಅವಳಪ್ಪ ಸಿದ್ದಯ್ಯ ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತಾ ಹೊರಬಂದರು. ನಡೆದದ್ದನ್ನು ಹೇಳಿ, “ತಪ್ಪು ನಂದು” ಎಂದೆ. ಬಾಗಿಲ ಮರೆಯಲ್ಲಿ ಭಾಗ್ಯ ನಿಂತಿದ್ದಳು.

“ನನ್ನೆಸ್ರು ಬುಡಿ ಸಾ,” ಎಂದರು ಸಿದ್ದಯ್ಯ. “ನಂಗೆ ಕೆಲ್ಸ ಕಲ್ಸಿದ್ದು ಬೋರಣ್ಣ ಅಂತ. ಮಿಸಿನ್ ಸದ್ದು ಕೇಳೇ ಎಲ್ಲಿ ಕೆಟ್ಟದೆ ಅಂತ ಏಳ್ಬುಡೋನು. ಅವ್ನು ಸತ್ತು ಎಷ್ಟೋ ವರ್ಸ ಆಯ್ತು. ಈಗ್ಲೂವೆ ಒಸಬ್ರು ಬಂದ್ರೆ, ‘ಬೋರಣ್ಣನಂಗೆ ಕಿವಿ ಕೊಡ್ರಲಾ’ ಅಂತೀವಿ. ಅವ್ನ ಮೊಕಾನೇ ನೋಡ್ದಿರೋರೂ ಅಂಗೇ ಅಂತರೆ.”

ನಿಘಂಟು ನೋಡಿ ಪಾಠ ಹೇಳುತ್ತಿದ್ದ ನನಗೆ ಆ ನುಡಿಗಟ್ಟು ನಿಜವಾಗಿ ತಿಳಿದದ್ದು ಆ ಜಗಲಿಯ ಮೇಲೆ.

ಸೋಮವಾರ ಭಾಗ್ಯ ಬಂದಳು. ಎಲ್ಲರೆದುರು ತಪ್ಪೊಪ್ಪಿಕೊಂಡು ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟೆ. ‘ಬೋರಣ್ಣ ವೆಂಟ್ ಡೌನ್ ಇನ್ ಹಿಸ್ಟರಿ’ ಎಂದು ಬರೆದಳು. ವ್ಯಾಕರಣವೂ ಸರಿಯಿತ್ತು! ಈಗವಳು ಮಳವಳ್ಳಿಯಲ್ಲಿ ಇಂಗ್ಲಿಷ್ ಟೀಚರು. ಆ ನುಡಿಗಟ್ಟಿಗೆ ಇವತ್ತಿಗೂ ಬೋರಣ್ಣನನ್ನೇ ಉದಾಹರಣೆ ಕೊಡುತ್ತಾಳಂತೆ.

“ಆಯ್ತು ಸಾರ್, ಸ್ಟಾರ್ಟ್ ಮಾಡಿ,” ಎಂದರು ಮೆಕ್ಯಾನಿಕ್ ರಫೀಕ್. ವರ್ಷಗಳಿಂದ ಇವರ ಬಳಿಗೇ ಬರುತ್ತಿದ್ದೇನೆ. ಗಾಡಿಯದು ಬಿಟ್ಟು ಬೇರೆ ಮಾತು ಆಡಿದವನಲ್ಲ.

“ನಿಮಗೆ ಈ ಕೆಲಸ ಕಲಿಸಿದವರು ಯಾರು?” ಎಂದೆ.

ರಫೀಕ್ ಸ್ಪ್ಯಾನರ್ ಕೆಳಗಿಟ್ಟರು. ಮುಖ ಅರಳಿತು. “ಮದ್ದೂರಲ್ಲಿ ನಮ್ ಉಸ್ತಾದ್ ಒಬ್ರಿದ್ರು ಸಾರ್, ಗಫಾರ್ ಸಾಬ್ರು ಅಂತ...”

ನಾನು ಗಾಡಿಗೆ ಸ್ಟ್ಯಾಂಡ್ ಹಾಕಿ ಮತ್ತೆ ಕೂತೆ.