ಮರಿಯಯ್ಯನ ಮನೆಯ ಒಂದೇ ಕೊಂಡಿ

ಚಾಮರಾಜನಗರ ಜಿಲ್ಲೆಯಾದ ವರ್ಷ ಊರು ಹಿಗ್ಗಿತು, ಆಫೀಸುಗಳು ಹಿಗ್ಗಿದವು, ಅವುಗಳ ಜೊತೆ ಮನೆ ಬಾಡಿಗೆಯೂ ಹಿಗ್ಗಿತು. ಹಿಗ್ಗದೆ ಉಳಿದದ್ದು ಅಟೆಂಡರ್ ಮರಿಯಯ್ಯನ ಮನೆ ಒಂದೇ. ವಠಾರದ ಕೊನೆಯಲ್ಲಿ ಹತ್ತಡಿಗೆ ಹನ್ನೆರಡಡಿಯ ಒಂದು ಕೋಣೆ, ಅದರ ಮೂಲೆಯಲ್ಲೇ ಒಲೆ. ಅಲ್ಲಿ ವಾಸವಿದ್ದವರು ಮೂವರು: ಮರಿಯಯ್ಯ, ಅವನ ಹೆಂಡತಿ ಗುರುಮಲ್ಲಮ್ಮ, ಮತ್ತು ಸೈಕಲ್ಲು. ಮನೆ ಯಜಮಾನರು ಯಾರು ಎಂದು ಕೇಳಿದರೆ ವಠಾರದ ಮಕ್ಕಳು ಸೈಕಲ್ಲಿನ ಕಡೆಗೇ ಬೆರಳು ತೋರಿಸುತ್ತಿದ್ದವು.

ಬಂದ ನೆಂಟರು ಮೊದಲು ಮೊಣಕಾಲಿಗೆ ಪೆಡಲಿನ ಏಟು ತಿಂದು, ಆಮೇಲೆ ಕಾಫಿ ಕುಡಿಯಬೇಕು. ಗುರುಮಲ್ಲಮ್ಮ ಒಲೆ ಮುಂದೆ ಕೂತು ಹಿಟ್ಟು ತೊಳಸುವಾಗ ಹ್ಯಾಂಡಲ್ಲು ಬೆನ್ನಿಗೆ ಚುಚ್ಚುತ್ತಿತ್ತು. ಮಳೆ ಬಂದ ದಿನ ಮರಿಯಯ್ಯ ನೆನೆದುಕೊಂಡು ನಡೆದೇ ಆಫೀಸಿಗೆ ಹೋಗುತ್ತಿದ್ದ. ಸೈಕಲ್ಲು ನೆನೆಯಬಾರದಲ್ಲ!

ಕಾರಣ ಇಲ್ಲದೇ ಇರಲಿಲ್ಲ. ಮದುವೆಯಲ್ಲಿ ಮಾವ ಕೊಡಿಸಿದ ಮೊದಲ ಸೈಕಲ್ಲನ್ನು ಅವನು ಸಂತೆಮರಹಳ್ಳಿ ಸಂತೆಯ ದಿನ ಹೋಟೆಲಿನ ಮುಂದೆ ನಿಲ್ಲಿಸಿ, ಒಳಗೆ ಒಂದು ಲೋಟ ಟೀ ಕುಡಿದು ಬರುವಷ್ಟರಲ್ಲಿ ಯಾರೋ ಹೊಡೆದುಕೊಂಡು ಹೋಗಿದ್ದರು. ಮಾವ ಬದುಕಿರುವವರೆಗೂ "ಟೀ ಆಯ್ತಾ ಅಳಿಯಂದ್ರೇ?" ಎಂದು ಕೇಳಿಯೇ ಮಾತು ಶುರುಮಾಡುತ್ತಿದ್ದರು. ಆ ಉರಿ ಇನ್ನೂ ಆರಿರಲಿಲ್ಲ. ತಾನೇ ದುಡಿದು ಕೊಂಡ ಈ ಎರಡನೆಯದನ್ನು ಹದಿನೈದು ವರ್ಷದಲ್ಲಿ ಒಂದು ರಾತ್ರಿಯೂ ಹೊಸಿಲಾಚೆ ಬಿಟ್ಟಿರಲಿಲ್ಲ.

ಹೀಗಿರುವಾಗ ಗುಂಡ್ಲುಪೇಟೆಗೆ ಕೊಟ್ಟಿದ್ದ ಒಬ್ಬಳೇ ಮಗಳು ಶಿವರಂಜಿನಿ ಬಸುರಿಯಾದಳು. ಚೊಚ್ಚಲ ಹೆರಿಗೆ, ಬಾಣಂತನ ತವರಿನಲ್ಲೇ ಆಗಬೇಕು. ಮಂಚ ಎಲ್ಲಿ ಹಾಕುವುದೆಂದು ಗುರುಮಲ್ಲಮ್ಮ ಗೇಣು ಹಾಕಿ ಅಳೆದಳು. ಸೈಕಲ್ಲು ನಿಂತ ಜಾಗ ಬಿಟ್ಟರೆ ಬೇರೆ ಜಾಗವೇ ಇಲ್ಲ.

"ಇದ್ನ ಆಚ್ಗೆ ನಿಲ್ಸಿ," ಎಂದಳು.

"ಮಗ್ಳು ಇರೋದು ಐದಾರು ತಿಂಗ್ಳು ಕಣಮ್ಮಿ. ಸೈಕಲ್ ಓದ್ರೆ ಓದಂಗೇಯ. ಎರ್ಗೆ ಬೀಗ್ರ ಮನೇಲೇ ಆದ್ರೆ ಏನಂತೆ? ಅವ್ರದು ದೊಡ್ಡ ಮನೆ."

ಹೇಳಿ ತಿರುಗಿದರೆ ಬಾಗಿಲಲ್ಲಿ ಶಿವರಂಜಿನಿ! ಅವಳ ಹಿಂದೆ ಬ್ಯಾಗು ಹಿಡಿದ ಅಳಿಯ ಕನಕರಾಜು. ಹೇಳಿದ್ದಕ್ಕಿಂತ ಎರಡು ದಿನ ಮುಂಚೆಯೇ ಬಸ್ಸು ಹತ್ತಿ ಬಂದುಬಿಟ್ಟಿದ್ದರು.

"ಜಾಗ ಇಲ್ಲಾಂದ್ರೆ ವಾಪಸ್ ಓಯ್ತೀನಿ ಬುಡಪ್ಪ," ಎಂದಳು ಮಗಳು. ಕಣ್ಣು ತುಂಬಿತ್ತು. ಅಳಿಯ, ಪಾಪ, ಯಾರ ಮುಖವನ್ನೂ ನೋಡಲಾರದೆ ಸೂರು ನೋಡುತ್ತಾ ನಿಂತ.

ನಾಚಿಕೆಯಿಂದ ಮರಿಯಯ್ಯನೂ ಸೂರು ನೋಡಿದ. ನಡುತೊಲೆಗೆ ಹೊಡೆದಿದ್ದ ಕಬ್ಬಿಣದ ಕೊಂಡಿಯೊಂದು ಕಂಡಿತು. ಅರ್ಧ ಗಂಟೆಯಲ್ಲಿ ಬಾವಿ ಹಗ್ಗ ಕಟ್ಟಿ, ಅಳಿಯನ ಕೈಲೇ ಕೆಳಗಿನಿಂದ ಎತ್ತಿಸಿ, ಸೈಕಲ್ಲನ್ನು ನೇತುಹಾಕಿಯೇಬಿಟ್ಟ. ಅಬ್ಬಬ್ಬಾ, ಅವನ ಸಂಭ್ರಮ ನೋಡಬೇಕಿತ್ತು! ಪಕ್ಕದ ಮನೆಯವನನ್ನು ಕೂಗಿ ಕರೆದು, "ನೋಡ್ಲಾ ಪುಟ್ಟಮಾದು, ಇನ್ ಕಳ್ಳ ಬಂದ್ರೂ ಏಣಿ ತಕ್ಕಂಡೇ ಬರ್ಬೇಕು," ಎಂದ. ದಿನಾ ಇಳಿಸಿ ಏರಿಸುವವರು ಯಾರೆಂದು ಆಫೀಸಿಗೂ ನಡೆದೇ ಹೋಗತೊಡಗಿದ. ಉಣ್ಣುವವರ ತಟ್ಟೆಗೆ ಚೈನಿನ ಎಣ್ಣೆ ತೊಟ್ಟಿಕ್ಕಿದರೆ, ಕೊಂಚ ಸರಿದು ಕೂತ್ಕೊಳ್ಳಿ ಎನ್ನುತ್ತಿದ್ದ. ಸರಿಯಲು ಅಲ್ಲಿ ಗೇಣು ಜಾಗವೂ ಇರಲಿಲ್ಲ.

ಹೆಣ್ಣು ಮಗು ಹುಟ್ಟಿತು. ನಾಮಕರಣದ ದಿನ ತೊಟ್ಟಿಲು ಬಂತು, ಅರಿಸಿನ ಕುಂಕುಮ ಹಚ್ಚಿದ್ದಾಯಿತು, ಹೆಂಗಸರು ಹಾಡಲು ಗಂಟಲು ಸರಿಮಾಡಿಕೊಂಡರು. ವಠಾರಕ್ಕೆಲ್ಲ ಹಿರಿಯಳಾದ ಚಿಕ್ಕಮಾದಮ್ಮ ತೊಟ್ಟಿಲ ಹಗ್ಗ ಹಿಡಿದು ತಲೆ ಎತ್ತಿದಳು.

"ಲೋ ಮರಿಯಯ್ಯ, ಅದು ತೊಟ್ಲು ಕಟ್ಟೋ ಕೊಂಡಿ ಕಣ್ಲಾ! ಸೈಕಲ್ಗೆ ಹೆಸ್ರು ಕಟ್ಟೀಯಾ ಇವತ್ತು?"

ಹೌದಲ್ಲ! ಶಿವರಂಜಿನಿಯನ್ನು ತೂಗಿದ್ದೂ ಇದೇ ಕೊಂಡಿಯಲ್ಲಿ. ತೂಗಿದ ಅಪ್ಪನಿಗೇ ಅದು ಮರೆತುಹೋಗಿತ್ತು. ಮನೆಯಲ್ಲಿ ಇನ್ನೊಂದು ಕೊಂಡಿ ಇಲ್ಲ. ಆದರೂ ಆಸಾಮಿ ಸೋಲಬೇಕಲ್ಲ?

"ಸೈಕಲ್ ಬಾರ್‌ಗೇ ಕಟ್ಬುಡನ ಕಣವ್ವ, ಗಟ್ಟಿ ಅದೆ," ಎಂದ.

ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಿವರಂಜಿನಿ ನಗಲಿಲ್ಲ. ಮಗುವನ್ನು ಎದೆಗೆ ಅವಚಿಕೊಂಡು, ಒಂದೇ ಕೈಯಲ್ಲಿ ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು.

"ನನ್ಗೆ ಜಾಗ ಇಲ್ದಿದ್ರೆ ಓಗ್ಲಿ. ನನ್ ಮಗೀಗೆ ಒಂದ್ ಕೊಂಡೀನೂ ಇಲ್ವೇನಪ್ಪ ಈ ಮನೇಲಿ?"

ಮರಿಯಯ್ಯ ಸ್ಟೂಲು ಹತ್ತಿದ. ಬಿಗಿದ ಗಂಟು ಬಿಚ್ಚಲಾಗಲಿಲ್ಲ. ಕೊನೆಗೆ ಅಳಿಯ ಕೆಳಗೆ ಹೆಗಲು ಕೊಟ್ಟ ಮೇಲೆ ಹಗ್ಗವನ್ನೇ ಕೊಯ್ದ. ತೊಟ್ಟಿಲನ್ನು ತಾನೇ ಕಟ್ಟಿ, ಮೂರು ಸಲ ಜಗ್ಗಿ ನೋಡಿ ಕೆಳಗಿಳಿದ.

ಸೈಕಲ್ಲು ಬೀದಿಯ ಲೈಟುಕಂಬಕ್ಕೆ ಹೋಯಿತು, ಒಂದು ಸರಪಳಿ, ಎರಡು ಬೀಗಗಳ ಸಮೇತ. ಬೆಳಗ್ಗೆ ಎದ್ದವನೇ ಓಡಿ ನೋಡಿದ. ಇತ್ತು. ಮರುದಿನವೂ ಇತ್ತು. ವಾರ ಕಳೆದ ಮೇಲೆ ಒಂದು ಬೀಗ ತೆಗೆದ, ಆಮೇಲೆ ಇನ್ನೊಂದನ್ನೂ ತೆಗೆದ. ಸೀಟಿನ ಮೇಲೆ ಕಾಗೆ ಹಿಕ್ಕೆ ಹಾಕಿದ್ದು ಬಿಟ್ಟರೆ ಯಾರೊಬ್ಬರೂ ಅದರ ತಂಟೆಗೆ ಬರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಅವಮಾನವೇ ಆಯಿತು. ಹದಿನೈದು ವರ್ಷ ಹೆಂಡತಿಯ ಬೆನ್ನಿಗೆ ಚುಚ್ಚಿಸಿ ಕಾಪಾಡಿದ ವಸ್ತುವನ್ನು ಒಬ್ಬ ಕಳ್ಳನಾದರೂ ತಿರುಗಿ ನೋಡಬಾರದೇ?

ಐದನೇ ತಿಂಗಳಲ್ಲಿ ಮಗಳು ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಹೊರಟಳು. ಅವರನ್ನು ಗುಂಡ್ಲುಪೇಟೆ ಬಸ್ಸು ಹತ್ತಿಸಿ ಬಂದಾಗ, ತೊಟ್ಟಿಲು ಬಿಚ್ಚಿಟ್ಟ ಮನೆ ಬಿಕೋ ಎನ್ನುತ್ತಿತ್ತು. ಗುರುಮಲ್ಲಮ್ಮನೇ ಬಾಯಿಬಿಟ್ಟಳು.

"ಊಂ, ತಂದು ನೇತಾಕ್ಕಳಿ ನಿಮ್ ಸೈಕಲ್ಲ."

"ಬ್ಯಾಡ ಬುಡು," ಎಂದ ಮರಿಯಯ್ಯ, ಕೊಂಡಿಯನ್ನೇ ನೋಡುತ್ತಾ. "ಮಗಾ ಮತ್ತೆ ಬಂದ್ರೆ ಎಲ್ಲಿ ಮನಿಕ್ಕಂಡದು? ಕಾಲಿ ಇರ್ಲಿ."

ಗುರುಮಲ್ಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಗಂಡನನ್ನು ಒಂದು ಗಳಿಗೆ ಪ್ರೀತಿಯಿಂದ ನೋಡಿದಳು. ಆಮೇಲೆ ಸ್ಟೂಲು ಎಳೆದು ಹತ್ತಿ, ಒಲೆ ಮೂಲೆಯ ಈರುಳ್ಳಿ ಬುಟ್ಟಿಯನ್ನು ಆ ಕೊಂಡಿಗೆ ನೇತುಹಾಕಿದಳು.

"ಅಲ್ಲೀಗಂಟ ಇದಿರ್ಲಿ," ಎಂದಳು. "ಹದ್ನೈದ್ ವರ್ಸದಿಂದ ಇಲಿ ಕಾಟ ನನ್ಗೆ."