ಗುಂಪಿನಲ್ಲಿ ನನ್ನದೊಂದು ದನಿ

ನಾನು ಹಲ್ಲಿನ ಡಾಕ್ಟರು. ಶಿವಮೊಗ್ಗದ ಗೋಪಾಳದಲ್ಲಿ ಮಹಡಿಯ ಮೇಲೆ ಮನೆ, ಕೆಳಗೆ ಕ್ಲಿನಿಕ್ಕು. ಬೆಳಗಿನಿಂದ ಸಂಜೆಯವರೆಗೆ ಬಂದವರಿಗೆಲ್ಲ ‘ಬಾಯಿ ತೆಗೀರಿ, ಇನ್ನೂ ಸ್ವಲ್ಪ ತೆಗೀರಿ’ ಎಂದು ಹೇಳುವುದೇ ನನ್ನ ಕಸುಬು. ಅಡಿಕೆ ಜಗಿಯುವವರ ಸೀಮೆಯಲ್ಲಿ ಈ ಕಸುಬಿಗೆ ಬರಗಾಲವಿಲ್ಲ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಜನ ಹಲ್ಲು ಕಟ್ಟಿಸಿಕೊಳ್ಳಲು ಬರುತ್ತಾರೆ. ಧಾರಣೆ ಬಿದ್ದ ವರ್ಷ ಅದೇ ಬೇಸರಕ್ಕೆ ಇನ್ನಷ್ಟು ಜಗಿದು ಕೀಳಿಸಿಕೊಳ್ಳಲು ಬರುತ್ತಾರೆ. ಇದಕ್ಕಿಂತ ದೊಡ್ಡ ಸುಖವೊಂದು ಈ ಕೆಲಸದಲ್ಲಿದೆ. ನನ್ನ ಕುರ್ಚಿಯಲ್ಲಿ ಒರಗಿದವರು ನಾನು ಏನು ಹೇಳಿದರೂ ಎದುರು ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ. ದೇಶದ ರಾಜಕೀಯದಿಂದ ಹಿಡಿದು ಮೆಂತ್ಯದ ಸೊಪ್ಪಿನ ಬೆಲೆಯವರೆಗೆ ನನ್ನ ಅಭಿಪ್ರಾಯಗಳಿಗೆಲ್ಲ ಅವರದು ‘ಆಂ’ ಎಂಬ ಒಂದೇ ಉತ್ತರ. ಅದನ್ನು ನಾನು ಒಪ್ಪಿಗೆ ಎಂದೇ ತಿಳಿದುಕೊಂಡಿದ್ದೇನೆ. ಮೆಟ್ಟಿಲು ಹತ್ತಿ ಮನೆಯೊಳಗೆ ಕಾಲಿಟ್ಟ ಕೂಡಲೇ ಈ ಸೌಲಭ್ಯ ಮುಗಿಯುತ್ತದೆ.

ಇಂಥ ನನಗೂ ಒಬ್ಬರು ‘ಬಾಯಿ ತೆಗೀರಿ, ಇನ್ನೂ ಸ್ವಲ್ಪ ತೆಗೀರಿ’ ಎಂದು ಹೇಳುವ ಕಾಲ ಬರುತ್ತದೆಂದು ನಾನು ಎಣಿಸಿರಲಿಲ್ಲ. ಹೇಳಿದವರು ಭದ್ರಾವತಿಯ ರಾಜಂ ಟೀಚರು. ಅಲ್ಲಿನ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲೇ ಹುಟ್ಟಿ ಬೆಳೆದು, ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಮನೆಮಾತು ತಮಿಳು, ಕಲಿಸುವುದು ಕನ್ನಡದಲ್ಲಿ, ದೇವರನ್ನು ಕರೆಯುವುದು ಮಾತ್ರ ತಮಿಳಿನಲ್ಲೇ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ ಎರಡೂ ಊರುಗಳ ಹಾಡುವ ಜನರನ್ನು ಸೇರಿಸಿ ಒಂದು ಗಾನವೃಂದ ಕಟ್ಟಿದ್ದಾರೆ. ಪ್ರತಿ ಭಾನುವಾರ ಬೆಳಿಗ್ಗೆ ಕ್ವಾರ್ಟರ್ಸಿನ ಹಳೆಯ ಸಭಾಂಗಣದಲ್ಲಿ ಅಭ್ಯಾಸ. ಹಾಡಬೇಕೆಂಬ ಆಸೆಯೊಂದಿದ್ದರೆ ಅಲ್ಲಿ ಸಾಲದು, ಪರೀಕ್ಷೆ ಕೊಡಬೇಕು. ಒಮ್ಮೆ ಪಾಸಾದರೂ ಸಾಲದು, ವರ್ಷಕ್ಕೊಮ್ಮೆ ಹಳಬರೂ ಮತ್ತೆ ಪರೀಕ್ಷೆ ಕೊಡಬೇಕು.

ಅಲ್ಲಿಗೆ ಹೋಗಬೇಕೆಂದು ಆಸೆಪಟ್ಟದ್ದು ನಾನಲ್ಲ, ನನ್ನ ಹೆಂಡತಿ ಅನ್ನಪೂರ್ಣ. ಅವಳು ನಿಜವಾಗಿಯೂ ಹಾಡುವವಳು. ನಮ್ಮ ಬಳಗದಲ್ಲಿ ಮದುವೆಯಿರಲಿ, ಗೃಹಪ್ರವೇಶವಿರಲಿ, ‘ಅನ್ನಪೂರ್ಣಾ, ಒಂದು ವಚನ ಹೇಳಮ್ಮ’ ಎಂದು ಕರೆಯದೆ ಊಟದ ಎಲೆ ಹಾಕುವುದಿಲ್ಲ. ಅವಳು ದನಿ ತೆಗೆದರೆ ಅಳುವ ಮಕ್ಕಳು ಕೂಡ ಸುಮ್ಮನಾಗುತ್ತವೆ. ನನಗೋ, ಹಾಡಿಗೂ ನನಗೂ ಇದ್ದ ನಂಟು ಪ್ರೈಮರಿ ಶಾಲೆಯ ಮಗ್ಗಿಗೇ ಮುಗಿದಿತ್ತು. ಮಗ್ಗಿಯೂ ಒಂದು ವೃಂದಗಾನವೇ ಎಂಬುದು ನನ್ನ ಅಭಿಪ್ರಾಯ. ಇಡೀ ತರಗತಿ ರಾಗವಾಗಿ ಹೇಳುವಾಗ, ಹದಿನೇಳರ ಮಗ್ಗಿ ಬಂದ ಕೂಡಲೇ ನಾನು ತುಟಿ ಮಾತ್ರ ಆಡಿಸುತ್ತಿದ್ದೆ. ಕೊನೆಗೆ ‘ನೂರಾ ಎಪ್ಪತ್ತು’ ಎಂಬಲ್ಲಿ ಮಾತ್ರ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದೆ. ಮೇಷ್ಟ್ರು ನನ್ನನ್ನು ಲೆಕ್ಕದಲ್ಲಿ ಜಾಣನೆಂದೇ ನಂಬಿದ್ದರು.

ಪರೀಕ್ಷೆಯ ದಿನ ನಾನು ಹೋದದ್ದು ಕಾರು ಓಡಿಸಲು. ರಾಜಂ ಟೀಚರ ಪರೀಕ್ಷೆಯ ಕ್ರಮ ವಿಚಿತ್ರ. ಹೊಸಬರನ್ನು ಇಬ್ಬರು ಹಳಬರ ನಡುವೆ ನಿಲ್ಲಿಸಿ ಮೂವರನ್ನೂ ಒಟ್ಟಿಗೆ ಹಾಡಿಸುತ್ತಾರೆ. ತಾವು ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಮೂರು ದನಿಗಳಲ್ಲಿ ಯಾವುದಾದರೂ ಒಂದು ಎದ್ದು ಕೇಳಿಸಿದರೆ ಆ ದನಿಯವರು ಫೇಲು. ಅನ್ನಪೂರ್ಣ ಹಾಡಿದಳು. ಮೊದಲನೆಯ ಸಾಲು ಮುಗಿಯುವ ಮೊದಲೇ ಅಕ್ಕಪಕ್ಕದ ಇಬ್ಬರು ಹಾಡುವುದನ್ನು ಬಿಟ್ಟು ಅವಳ ಮುಖ ನೋಡುತ್ತ ನಿಂತರು. ಟೀಚರು ತಿರುಗಿ, ಅವಳ ಕೈ ಹಿಡಿದುಕೊಂಡು ಹೇಳಿದರು:

“ಒಳ್ಳೇ ದನಿ ಅಮ್ಮ. ಆದ್ರೆ ಗುಂಪಿನ ದನಿ ಅಲ್ಲ.”

ಆಮೇಲೆ ಅವರ ಕಣ್ಣು ಹಿಂದಿನ ಬೆಂಚಿನಲ್ಲಿ ಬೀಗದ ಕೈ ತಿರುಗಿಸುತ್ತ ಕೂತಿದ್ದ ನನ್ನ ಮೇಲೆ ಬಿತ್ತು. ವೃಂದದಲ್ಲಿ ಗಂಡಸರು ಕಡಿಮೆ. “ಸಾರ್, ನೀವೂ ಬನ್ನಿ” ಎಂದರು. ನಾನು ಬರೀ ಡ್ರೈವರು ಎಂದರೂ ಬಿಡಲಿಲ್ಲ. ಇಬ್ಬರ ನಡುವೆ ನಿಂತು ಹೆದರಿಕೆಯಲ್ಲಿ ಏನೋ ಹಾಡಿದೆ. ಮುಗಿದ ಮೇಲೆ ಟೀಚರು ಗೋಡೆ ಬಿಟ್ಟು ತಿರುಗಿ, “ಸಾರ್ ಹಾಡಿದ್ರಾ?” ಎಂದು ಉಳಿದಿಬ್ಬರನ್ನು ಕೇಳಿದರು. ತುಟಿ ಆಡಿದ್ದನ್ನು ಕಂಡಿದ್ದೇವೆಂದು ಅವರು ಸಾಕ್ಷಿ ಹೇಳಿದರು. ಟೀಚರ ಮುಖ ಅರಳಿತು. “ಇಂಥಾ ದನಿ ಹುಡುಕಿದ್ರೂ ಸಿಗಲ್ಲ ಸಾರ್! ಇದ್ದೂ ಇಲ್ಲದ ಹಾಗೆ. ಭಾನುವಾರದಿಂದ ಬಂದ್ಬಿಡಿ.”

ಹೀಗೆ ಹಾಡಬಲ್ಲ ಹೆಂಡತಿ ಫೇಲಾಗಿ, ಹಾಡಲಾರದ ಗಂಡ ಪಾಸಾದ ಆ ಸಂಸಾರ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೇಗೆ ಮರಳಿರಬಹುದೆಂದು ನೀವೇ ಊಹಿಸಿಕೊಳ್ಳಿ. ದಾರಿಯಲ್ಲಿ ಮಲವಗೊಪ್ಪ ಬಂತು. ನಾನು ಸಮಾಧಾನ ಮಾಡಲು ಹೋಗಿ, “ಅವರಿಗೇನು ಗೊತ್ತು ಬಿಡು, ನೀನು ಹಾಡಿದ್ರೆ ಇಡೀ ಸಭೆ ಸುಮ್ಮನಾಗುತ್ತೆ” ಎಂದೆ.

“ಅದೇ ಕಣ್ರೀ” ಎಂದಳು ಅವಳು, ಕಿಟಕಿಯ ಕಡೆ ನೋಡುತ್ತ. “ಚಿಕ್ಕೋಳಿದ್ದಾಗಿಂದ್ಲೂ ಅಷ್ಟೇ. ನಾನು ಶುರು ಮಾಡಿದ ತಕ್ಷಣ ಎಲ್ರೂ ಸುಮ್ಮನಾಗ್ತಾರೆ. ನನಗೂ ಒಂದ್ಸಲ ಯಾರ್ ಜೊತೇಲಾದ್ರೂ ಸೇರಿ ಹಾಡ್ಬೇಕು ಅಂತ ಆಸೆ ಇರಲ್ವಾ?”

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಅವಳ ಹಾಡಿಗೆ ತಲೆದೂಗುವುದೇ ಗಂಡನ ಕರ್ತವ್ಯವೆಂದು ತಿಳಿದಿದ್ದ ನನಗೆ ಇದು ಹೊಳೆದಿರಲೇ ಇಲ್ಲ. ಬಹಳ ಸಂಕಟವಾಯಿತು. ನಾನು ಆ ವೃಂದಕ್ಕೆ ಹೋಗುವುದೇ ಇಲ್ಲ ಎಂದುಬಿಟ್ಟೆ. ಅವಳು ಒಪ್ಪಲಿಲ್ಲ. “ನೀವು ಹೋಗಿ. ಅಲ್ಲೇನ್ ಹೇಳ್ಕೊಡ್ತಾರೋ ಕಲ್ತು ಬಂದು ನನಗೆ ಹೇಳ್ಕೊಡಿ. ಮುಂದಿನ ವರ್ಷ ಮತ್ತೆ ಹೋಗ್ತೀನಿ ನಾನು” ಎಂದಳು. ಅಲ್ಲಿಗೆ ನಾನು ಭದ್ರಾವತಿಯಲ್ಲಿ ವಿದ್ಯಾರ್ಥಿ, ಗೋಪಾಳದಲ್ಲಿ ಗುರು ಆಗಬೇಕಾಯಿತು.

ವಿದ್ಯಾರ್ಥಿಜೀವನ ಸುಲಭದ್ದಾಗಿರಲಿಲ್ಲ. ಅಭ್ಯಾಸ ಶುರುವಾದೊಡನೆ ಬಾಗಿಲು ಹಾಕಿ ಚಿಲಕ ಜಡಿಯುತ್ತಾರೆ. ತಡವಾಗಿ ಬಂದವರು ಹೊರಗೆ ನಿಂತು ಕಿಟಕಿಯಿಂದ ಕೇಳಿಸಿಕೊಳ್ಳಬಹುದು. ಒಳಗಿದ್ದವರಿಗೆಲ್ಲ ಮೊದಲು ‘ಬಾಯಿ ತೆಗೀರಿ, ಇನ್ನೂ ಸ್ವಲ್ಪ ತೆಗೀರಿ’ ಎಂಬ ಪಾಠ. ಹಿಂದಿನ ದಿನ ಮೊಸರು ತಿನ್ನುವಂತಿಲ್ಲ. ಎಲೆಯಡಿಕೆ ಎಂದೆಂದಿಗೂ ಕೂಡದು. ಈ ನಿಯಮ ಮಾತ್ರ ಡಾಕ್ಟರಾಗಿ ನನಗೆ ಹಿಡಿಸಿತು, ವ್ಯಾಪಾರಿಯಾಗಿ ಹಿಡಿಸಲಿಲ್ಲ. ಎಲ್ಲಕ್ಕಿಂತ ಕಠಿಣವಾದದ್ದು ಫ್ಯಾನಿನ ನಿಯಮ. ಆ ಹಳೆಯ ಫ್ಯಾನುಗಳು ಗುಂಯ್‌ಗುಡುವುದರಿಂದ ಶ್ರುತಿ ಕೆಡುತ್ತದೆಂದು ಎಲ್ಲವನ್ನೂ ಆರಿಸಿಬಿಡುತ್ತಾರೆ. ಏಪ್ರಿಲ್ ತಿಂಗಳ ಭದ್ರಾವತಿಯಲ್ಲಿ, ಮುಚ್ಚಿದ ಬಾಗಿಲಿನ ಹಿಂದೆ, ಫ್ಯಾನಿಲ್ಲದೆ ನಿಂತು ಮಳೆಯನ್ನು ಸ್ವಾಗತಿಸುವ ಹಾಡು ಹಾಡಿದವರಿಗೆ ಅದರ ಭಾವ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವರು ರುದ್ರಪ್ಪನವರು. ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸಿ ನಿವೃತ್ತರಾದವರು, ತುಂಬು ದನಿಯವರು. ಮೊದಲನೆಯ ದಿನವೇ ನನ್ನ ಕಡೆ ಕಿವಿ ಬಾಗಿಸಿ, “ಏನ್ ಮಾರಾಯ್ರೇ, ಹಾಡ್ತಾ ಇದ್ದೀರೋ, ಬರೀ ಉಸಿರಾಡ್ತಾ ಇದ್ದೀರೋ?” ಎಂದು ಕೇಳಿದರು. ಎರಡೂ ಎಂದೆ. ರಾಜಂ ಟೀಚರು ಮಾತ್ರ ನನ್ನನ್ನು ಉಳಿದವರಿಗೆ ಮಾದರಿಯಾಗಿ ತೋರಿಸುತ್ತಿದ್ದರು. “ಡಾಕ್ಟರನ್ನ ನೋಡಿ ಕಲೀರಿ. ಹಾಡೋದು ದೊಡ್ಡ ವಿಷಯ ಅಲ್ಲ, ಕೇಳಿಸ್ಕೊಳ್ಳೋದು ದೊಡ್ಡ ವಿಷಯ. ಪಕ್ಕದವರ ದನಿ ನಿಮ್ಮ ಕಿವಿಗೆ ಬೀಳ್ತಾ ಇಲ್ಲ ಅಂದ್ರೆ ನಿಮ್ದು ಜಾಸ್ತಿ ಆಯ್ತು ಅಂತ ತಿಳ್ಕೊಳ್ಳಿ.” ಇದೇ ಅವರ ಶಾಸ್ತ್ರದ ಸಾರ. ನನಗೆ ಪಕ್ಕದವರದು, ಹಿಂದಿನವರದು, ಹೊರಗಡೆ ಸೊಪ್ಪು ಮಾರುವವಳದು, ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನನ್ನದೊಂದು ಬಿಟ್ಟು.

ಈ ಸೂತ್ರ ತಲೆಯೊಳಗೆ ಹೊಕ್ಕ ಮೇಲೆ ಲೋಕವೇ ಬೇರೆಯಾಗಿ ಕಾಣತೊಡಗಿತು. ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ‘ಭದ್ರಾವತಿ ಭದ್ರಾವತಿ ಭದ್ರಾವತಿ’ ಎಂದು ಕೂಗುವ ಕಂಡಕ್ಟರುಗಳಲ್ಲಿ ಒಬ್ಬನಿಗೂ ಪಕ್ಕದವನು ಕೇಳಿಸುವುದಿಲ್ಲ, ಆದ್ದರಿಂದ ಅದು ವೃಂದಗಾನವಲ್ಲ. ಮಹಾಮಂಗಳಾರತಿಯಲ್ಲಿ ಒಂದಿಷ್ಟು ಇದೆ, ಗಂಟೆ ಬಾರಿಸುವವನು ಬಿಟ್ಟುಕೊಟ್ಟರೆ. ಟಿವಿಯ ಚರ್ಚೆಗಳನ್ನು ರಾಜಂ ಟೀಚರು ಫ್ಯಾನು ಆರಿಸಿದಂತೆ ಆರಿಸಿಬಿಡುತ್ತಾರೆ. ದಾಂಪತ್ಯ ಎಂಬುದು ಈ ಪಟ್ಟಿಯಲ್ಲಿ ಎಲ್ಲಿ ಬರುತ್ತದೆಂದು ಬಹಳ ಯೋಚಿಸಿದೆ, ಆದರೆ ಬಾಯಿ ಬಿಟ್ಟು ಹೇಳಲಿಲ್ಲ.

ಇನ್ನು ನನ್ನ ಗುರುತ್ವ. ಭಾನುವಾರ ಸಂಜೆ ಹಾಲ್‌ನಲ್ಲಿ ಇಬ್ಬರೂ ಎದುರುಬದುರು ನಿಂತು, ನಮ್ಮ ಮನೆಯ ಫ್ಯಾನನ್ನೂ ಆರಿಸಿ, ಪಾಠ ಶುರು ಮಾಡುತ್ತಿದ್ದೆವು. ನಾನು ಬೆಳಿಗ್ಗೆ ಕಲಿತದ್ದನ್ನು ಹಾಡಿ ತೋರಿಸುವುದು, ಅವಳು ಅದು ತಪ್ಪೆಂದು ಹೇಳಿ ಸರಿಯಾಗಿ ಹಾಡಿ ತೋರಿಸುವುದು, ಆಮೇಲೆ ಇಬ್ಬರೂ ಒಟ್ಟಿಗೆ ಹಾಡುವುದು. ಒಟ್ಟಿಗೆ ಹಾಡುವಾಗ ನನ್ನ ದನಿ ಅವಳಿಗೆ ಕೇಳಿಸಬೇಕು. ಅದೇ ತೊಡಕು. “ಹಾಡ್ರೀ ಅಂದ್ರೆ” ಎನ್ನುತ್ತಿದ್ದಳು. ಹಾಡ್ತಾನೇ ಇದ್ದೀನಿ ಎನ್ನುತ್ತಿದ್ದೆ. ಅವಳು ತನ್ನ ದನಿಯನ್ನು ಒಂದು ಮೆಟ್ಟಿಲು ಇಳಿಸುತ್ತಿದ್ದಳು, ನಾನು ಉಸಿರು ಕಟ್ಟಿ ಒಂದು ಮೆಟ್ಟಿಲು ಹತ್ತುತ್ತಿದ್ದೆ. “ಬಾಯಿ ತೆಗೀರಿ, ಇನ್ನೂ ಸ್ವಲ್ಪ ತೆಗೀರಿ” ಎಂದು ಈಗ ಮನೆಯಲ್ಲೂ ಹೇಳಿಸಿಕೊಳ್ಳತೊಡಗಿದೆ. ಮಳೆಗಾಲ ಕಳೆಯುವ ಹೊತ್ತಿಗೆ ನನ್ನ ಹೊಟ್ಟೆಯೊಳಗೆ ಎಲ್ಲೋ ಅಡಗಿದ್ದ ದನಿ ಗಂಟಲಿನವರೆಗೆ ಬಂದಿತ್ತು. ಒಂದು ಸಂಜೆ ಕೆನ್ನೆ ಊದಿಸಿಕೊಂಡು ಬಂದ ರೋಗಿಯೊಬ್ಬರು ಕೆಳಗೆ ಕಾದು ನಿಂತು, ನಾನು ಇಳಿದು ಹೋಗುವಷ್ಟರಲ್ಲಿ ಮುಖ ಬಿಳಿಚಿಕೊಂಡಿದ್ದರು. “ಪರವಾಗಿಲ್ಲ ಡಾಕ್ಟ್ರೇ, ಮೇಲೆ ಯಾರಿಗೋ ಆಗ್ಲೇ ಹಲ್ಲು ಕೀಳ್ತಾ ಇದ್ದೀರಿ ಅನ್ಸುತ್ತೆ. ನಾನು ನಾಳೆ ಬರ್ತೀನಿ” ಎಂದು ಹೊರಟೇಹೋದರು. ಮರುದಿನವೂ ಬರಲಿಲ್ಲ.

ವರ್ಷ ತಿರುಗಿ ಪರೀಕ್ಷೆ ಬಂತು. ಆ ಬೆಳಿಗ್ಗೆ ಅನ್ನಪೂರ್ಣ ತಿಂಡಿ ಮುಟ್ಟಲಿಲ್ಲ. ಕಾರಿನಲ್ಲಿ ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, “ಈ ಸಲಾನೂ ಬೇಡ ಅಂದ್ರೆ ಇನ್ನು ಕೇಳಲ್ಲ ನಾನು” ಎಂದಳು. ನನಗೆ ನನ್ನ ಚಿಂತೆ ಕಿಂಚಿತ್ತೂ ಇರಲಿಲ್ಲ. ಮಾದರಿ ವಿದ್ಯಾರ್ಥಿಗೆ ಎಂಥ ಪರೀಕ್ಷೆ! ಅವಳಿಗೊಂದು ಜಾಗ ಸಿಕ್ಕರೆ ಸಾಕೆಂದು ದಾರಿಯುದ್ದಕ್ಕೂ ಹಾರೈಸಿಕೊಂಡೆ.

ರಾಜಂ ಟೀಚರು ಅವಳನ್ನು ನನ್ನ ಮತ್ತು ರುದ್ರಪ್ಪನವರ ನಡುವೆ ನಿಲ್ಲಿಸಿ, ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿದರು. ನಾವು ಹಾಡಿದೆವು. ಭಾನುವಾರದ ಅಭ್ಯಾಸದಂತೆ ಅವಳ ಕಿವಿಗೆ ಮುಟ್ಟಲೆಂದು ನಾನು ನನ್ನ ಕೈಲಾದದ್ದನ್ನೆಲ್ಲ ಮಾಡಿದೆ. ಹಾಡು ಮುಗಿಯಿತು. ಟೀಚರು ಕಣ್ಣು ತೆರೆದು ತಿರುಗಿದರು.

“ಒಂದು ದನಿ ಎದ್ದು ಕೇಳಿಸ್ತು” ಎಂದರು.

ಅನ್ನಪೂರ್ಣ ತಲೆ ತಗ್ಗಿಸಿದಳು. ಟೀಚರು ನಿಧಾನವಾಗಿ ನಡೆದು ಬಂದು, ಅವಳನ್ನು ದಾಟಿ, ನನ್ನ ಎದುರು ನಿಂತರು.

“ಅಯ್ಯೋ ಕಡವುಳೇ, ಏನ್ ಡಾಕ್ಟ್ರೇ ಇದು? ಎಲ್ಲಿತ್ತು ಈ ದನಿ?” ನನ್ನ ಕೈ ಹಿಡಿದುಕೊಂಡರು. “ಒಳ್ಳೇ ದನಿ. ಆದ್ರೆ ಗುಂಪಿನ ದನಿ ಅಲ್ಲ. ಈ ವರ್ಷ ನೀವು ರೆಸ್ಟ್ ತಗೊಳ್ಳಿ.” ಆಮೇಲೆ ಅನ್ನಪೂರ್ಣಳ ಬೆನ್ನು ತಟ್ಟಿ, “ನೀವು ಬನ್ನಿ ಅಮ್ಮ. ನೀವು ಎಲ್ಲಿದ್ದೀರಿ ಅಂತಾನೇ ನನಗೆ ಗೊತ್ತಾಗ್ಲಿಲ್ಲ” ಎಂದರು.

ಅನ್ನಪೂರ್ಣ ಸೆರಗನ್ನು ಬಾಯಿಗೊತ್ತಿ ನಕ್ಕಳು. ಕಣ್ಣಲ್ಲಿ ನೀರೂ ಇತ್ತು. ಯಾವುದಕ್ಕೆ ಯಾವುದು ಎಂದು ನಾನು ಕೇಳಲಿಲ್ಲ. ರುದ್ರಪ್ಪನವರು ನನ್ನ ಭುಜ ಹಿಡಿದು, “ಉಸಿರಾಡ್ಕೊಂಡೇ ಇದ್ದಿದ್ರೆ ಆಗ್ತಿತ್ತು ಮಾರಾಯ್ರೇ” ಎಂದರು. ನನಗೆ ನಿಜವಾಗಿಯೂ ಬೇಸರವಾಯಿತು. ಜೊತೆಗೆ ಹೇಳಿಕೊಳ್ಳಲಾಗದಂಥ ಹೆಮ್ಮೆಯೂ ಆಯಿತು. ಮದುವೆಯಾದಾಗಿನಿಂದ ಮನೆಯಲ್ಲಿ ದನಿಯೇ ಇಲ್ಲವೆಂದು ಬಂಧುಬಳಗವೆಲ್ಲ ನಂಬಿದ್ದ ಮನುಷ್ಯನನ್ನು, ದನಿ ಹೆಚ್ಚಾಯಿತೆಂಬ ಕಾರಣಕ್ಕೆ ಸಾರ್ವಜನಿಕವಾಗಿ ಹೊರಗೆ ಹಾಕಿದ್ದರು. ಬಳಗದಲ್ಲಿ ಇದನ್ನು ನಾನೇ ಒಂದೆರಡು ಕಡೆ ಹೇಳಿಕೊಂಡಿದ್ದೇನೆ.

ಈಗ ಭಾನುವಾರ ನಾನು ಮತ್ತೆ ಡ್ರೈವರು. ಅವಳನ್ನು ಒಳಗೆ ಬಿಟ್ಟು, ಸಭಾಂಗಣದ ಹೊರಗೆ ಬೇವಿನ ಮರದ ನೆರಳಿನಲ್ಲಿ ಕಾರು ನಿಲ್ಲಿಸಿಕೊಂಡು ಕೂರುತ್ತೇನೆ. ಹೊರಗೆ ಗಾಳಿ ಬೀಸುತ್ತಿರುತ್ತದೆ, ಬೇಕಾದರೆ ಮೊಸರನ್ನವನ್ನೂ ತಿನ್ನಬಹುದು. ಮುಚ್ಚಿದ ಬಾಗಿಲಿನೊಳಗಿಂದ ಹಾಡು ಕೇಳಿಸುತ್ತದೆ. ಅದರಲ್ಲಿ ಅನ್ನಪೂರ್ಣಳ ದನಿ ಯಾವುದೆಂದು ಹುಡುಕುತ್ತೇನೆ. ಎಷ್ಟು ಕಿವಿಗೊಟ್ಟರೂ ಸಿಗುವುದಿಲ್ಲ.

ಮೊದಲನೆಯ ಅಭ್ಯಾಸ ಮುಗಿಸಿ ಬಂದ ದಿನ ಅವಳ ಮುಖ ಬೆವರಿ ಹೊಳೆಯುತ್ತಿತ್ತು. ಕಾರು ಹೊರಟ ಮೇಲೆ, “ಹೆಂಗಿತ್ತು? ಜೊತೇಲಿ ಹಾಡೋರು ಸಿಕ್ಕಿದ್ರಾ?” ಎಂದು ಕೇಳಿದೆ.

“ಸಿಕ್ಕಿದ್ರು. ಒಬ್ರೂ ನಿಲ್ಲಿಸ್ಲಿಲ್ಲ ಕಣ್ರೀ. ಎಲ್ರ ದನೀನೂ ಕೇಳಿಸ್ತು ನನಗೆ” ಎಂದಳು. ಸ್ವಲ್ಪ ದೂರ ಹೋದ ಮೇಲೆ, “ನಿಮ್ದೊಂದು ಕೇಳಿಸ್ಲಿಲ್ಲ” ಎಂದಳು.

ಮಲವಗೊಪ್ಪದ ಹತ್ತಿರ ಅವಳೇ ಸಣ್ಣಗೆ ಹಾಡು ಶುರು ಮಾಡಿದಳು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು ಕೂತವರ ಹಾಗೆ. ನಾನು ಬಾಯಿ ತೆಗೆದೆ, ಇನ್ನೂ ಸ್ವಲ್ಪ ತೆಗೆದೆ. ಪಕ್ಕದ ಆಟೋದವನು ತಿರುಗಿ ನೋಡಿದ. ಸಾರ್ವಜನಿಕರ ಹಿತವನ್ನು ನೆನೆದು ನಾನು ಕಿಟಕಿಯ ಗಾಜು ಏರಿಸಿದೆ. ಅವಳು ಹಾಡು ನಿಲ್ಲಿಸದೆಯೇ ಕೈ ಚಾಚಿ ಅದನ್ನು ಇಳಿಸಿದಳು.